ನಾಣ್ಯದ ಹುಚ್ಚು ಎಷ್ಟು ದಿನ? ಕಾರವಾರ, ಶಿರಸಿ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾಣ್ಯ ಕೂಡಿಸುವವರು ಅಂತ ಗೊತ್ತಾದರೆ ಜನ ಮೊದಲು ಕೇಳುವುದು ಬೆಲೆ. ಅದಾದ ಮೇಲೆ ಬರುವ ಪ್ರಶ್ನೆ ಇದು: ಈ ಹುಚ್ಚು ಎಷ್ಟು ದಿನ ಇರುತ್ತದೆ? ಕೆಲವರು ತಮ್ಮ ಬಗ್ಗೆ ಕೇಳುತ್ತಾರೆ, ಕೆಲವರು ಮಗನ ಬಗ್ಗೆ. ಗಂಡನ ಬಗ್ಗೆ ಕೇಳುವವರೂ ಇದ್ದಾರೆ, ಅವರ ದನಿಯಲ್ಲಿ ಸ್ವಲ್ಪ ಆಸೆ ಇರುತ್ತದೆ, ಬೇಗ ಇಳಿಯಲಿ ಅಂತ. ಅಂಥ ಪ್ರಶ್ನೆಗಳಿಗೆಲ್ಲ ಇಲ್ಲಿ ಒಟ್ಟಿಗೆ ಉತ್ತರ ಬರೆದಿದ್ದೇನೆ. ಸಾಲಾಗಿಯೇ ಓದಬೇಕು ಅಂತೇನಿಲ್ಲ.

ಹೇಳಿಬಿಡಿ, ಸಾಮಾನ್ಯವಾಗಿ ಎಷ್ಟು ದಿನ ಇರುತ್ತದೆ?

ಪುಕ್ಕಟೆ ನಾಣ್ಯ ಮುಗಿಯುವವರೆಗೆ ಎಲ್ಲರಿಗೂ ಇರುತ್ತದೆ. ಅಜ್ಜಿಯ ಟ್ರಂಕು, ದೇವರ ಕೋಣೆಯ ಡಬ್ಬಿ, ಹೊಲಿಗೆ ಮಷಿನ್ನಿನ ಡ್ರಾವರು ತಡಕಿದರೆ ಒಂದು ವಾರದಲ್ಲಿ ಬೊಗಸೆ ತುಂಬ ಸಿಗುತ್ತದೆ. ಅಲ್ಯೂಮಿನಿಯಮ್ಮಿನ ಒಂದು, ಎರಡು, ಮೂರು ಪೈಸೆ. ಚೌಕದ ಐದು ಪೈಸೆ. ಅಂಚು ಅಲೆಅಲೆಯಾಗಿರುವ ಹತ್ತು ಪೈಸೆ. ಘೇಂಡಾಮೃಗದ ನಾಲ್ಕಾಣೆ. ದಿನಾ ಒಂದೊಂದು ಹೊಸದು. ಹೊಸದರಲ್ಲಿ ಅಗಸ ಎತ್ತಿ ಎತ್ತಿ ಒಗೆದ ಅನ್ನುವ ಗಾದೆ ಈ ಹೊತ್ತಿಗೆಂದೇ ಹೇಳಿದ್ದು.

ಆಮೇಲೆ ದುಡ್ಡು ಕೊಟ್ಟು ತರುವ ಕಾಲ ಬರುತ್ತದೆ. ಬಹಳ ಜನ ಇಲ್ಲೇ ನಿಲ್ಲುತ್ತಾರೆ. ದಾಟಿದವರು ಆಲ್ಬಮ್ಮಿನ ಖಾಲಿ ಜಾಗ ತುಂಬುತ್ತ ಒಂದೆರಡು ವರ್ಷ ಓಡುತ್ತಾರೆ. ಕಡೆಗೆ ಉಳಿಯುವ ಖಾಲಿ ಜಾಗಗಳೆಲ್ಲ ಕೈಗೆಟುಕದವು. 1939ರ ಬೆಳ್ಳಿ ರೂಪಾಯಿ ಬೇಕು ಅಂದರೆ ಬೈಕು ಮಾರಬೇಕಾದೀತು. ಅಲ್ಲಿಗೆ ಎರಡನೇ ಸಲ ಹುರುಪು ಕುಸಿಯುತ್ತದೆ.

ಅದನ್ನೂ ದಾಟಿದವರದು ದಶಕಗಟ್ಟಲೆ ಹೋಗುತ್ತದೆ. ಅವರ ಹತ್ತಿರ ಜಾಸ್ತಿ ನಾಣ್ಯ ಇರಲೇಬೇಕು ಅಂತಿಲ್ಲ. ಇರುವ ನಾಣ್ಯವನ್ನು ಏನಾದರೂ ಕೇಳುತ್ತಲೇ ಇರುತ್ತಾರೆ. ಇದು ಯಾವ ಟಂಕಸಾಲೆಯದು, ಅಂದರೆ ಎಲ್ಲಿ ಹೊಡೆದದ್ದು? ನಮ್ಮೂರಿಗೆ ಹೇಗೆ ಬಂತು? ಅದೇ ವರ್ಷ ಲೋಹ ಯಾಕೆ ಬದಲಾಯಿತು? ಹೀಗೆ ಕೇಳಲು ಏನಾದರೂ ಉಳಿದಿರುವಷ್ಟು ಕಾಲ ಹುರುಪೂ ಉಳಿಯುತ್ತದೆ. ನನ್ನ ಉತ್ತರ ಇಷ್ಟೇ. ಕೆಳಗಿರುವುದೆಲ್ಲ ಅದರ ವಿವರ.

ನಾನು ಈಗ ಎಲ್ಲ ಥರದ್ದೂ ಕೂಡಿಸುತ್ತಿದ್ದೇನೆ. ದೇಶ, ವಿದೇಶ, ನೋಟು, ಸ್ಟಾಂಪು. ಇದು ಸರಿಯೇ?

ಶುರುವಿಗೆ ಸರಿ. ಒಂದು ವರ್ಷದ ಮೇಲೂ ಹೀಗೇ ಇದ್ದರೆ ಸುಸ್ತಾಗುತ್ತದೆ. ಎಲ್ಲವನ್ನೂ ಕೂಡಿಸುವವನಿಗೆ ಯಾವುದೂ ಪೂರ್ತಿ ಆಗುವುದಿಲ್ಲ, ಯಾವುದರ ಬಗ್ಗೆಯೂ ನಾಲ್ಕು ಮಾತು ಆಡಲು ಬರುವುದಿಲ್ಲ. ಒಂದು ಸಣ್ಣ ಓಣಿ ಹಿಡಿಯಿರಿ. 1957ರಿಂದ 1964ರವರೆಗಿನ ನಯಾ ಪೈಸೆ ಮಾತ್ರ ಅಂತ ಹಿಡಿದರೂ ಸಾಕು. 1957ರ ಏಪ್ರಿಲ್ 1ರಂದು ಹದಿನಾರಾಣೆಯ ರೂಪಾಯಿ ನೂರು ಪೈಸೆಯದಾಯಿತು. ಹಳೇ ಲೆಕ್ಕದಲ್ಲಿ ಒಂದು ರೂಪಾಯಿಗೆ 64 ಪೈಸೆ, 192 ಪೈ. ಜನರಿಗೆ ಗೊಂದಲ ಆಗಬಾರದು ಅಂತ ಹೊಸದಕ್ಕೆ 'ನಯಾ' ಸೇರಿಸಿದರು. ರೂಢಿಯಾದ ಮೇಲೆ, 1964ರಲ್ಲಿ, ಆ 'ನಯಾ' ಬಿಟ್ಟರು. ಕಂಚು, ನಿಕಲ್ ಹಿತ್ತಾಳೆ, ಕೊನೆಗೆ ಅಲ್ಯೂಮಿನಿಯಮ್, ಹೀಗೆ ಹತ್ತು ವರ್ಷದೊಳಗೆ ಒಂದು ಪೈಸೆಯ ಲೋಹ ಮೂರು ಥರ ಆಯಿತು. ಇಷ್ಟು ಸಣ್ಣ ಓಣಿಯಲ್ಲೂ ಓಡಾಡಲು ಸಾಕಷ್ಟು ಜಾಗ ಇದೆ. ಬೆಲೆಯೂ ಹೆಚ್ಚಿನವಕ್ಕೆ ಚಹಾ–ತಿಂಡಿಯ ಖರ್ಚಿನೊಳಗೇ.

ದುಡ್ಡು ಹಾಕದೆ ಹುರುಪು ಉಳಿಸಿಕೊಳ್ಳಬಹುದೇ?

ಖಂಡಿತ. ಕಿಸೆಯಲ್ಲಿರುವ ಚಿಲ್ಲರೆ ತೆಗೆಯಿರಿ. ಇಸವಿಯ ಕೆಳಗೆ ನೋಡಿ, ಯಾವ ಟಂಕಸಾಲೆಯದು ಅನ್ನುವ ಗುರುತು ಅಲ್ಲಿರುತ್ತದೆ. ಬರಿಗಣ್ಣಿಗೆ ಕಾಣದಿದ್ದರೆ ಮೊಬೈಲ್ ಕ್ಯಾಮೆರಾ ಹಿಗ್ಗಿಸಿ. ವಜ್ರದಂಥ ಗುರುತು ಇದ್ದರೆ ಮುಂಬೈ. ನಕ್ಷತ್ರ ಇದ್ದರೆ ಹೈದರಾಬಾದ್. ದುಂಡು ಚುಕ್ಕೆ ಇದ್ದರೆ ನೊಯ್ಡಾ. ಏನೂ ಇಲ್ಲದಿದ್ದರೆ ಕೋಲ್ಕತ್ತ. ನೊಯ್ಡಾ ಟಂಕಸಾಲೆ ಶುರುವಾದದ್ದೇ 1988ರಲ್ಲಿ, ಹಾಗಾಗಿ ಅದಕ್ಕಿಂತ ಹಳೇ ನಾಣ್ಯದಲ್ಲಿ ಆ ಚುಕ್ಕೆ ಹುಡುಕಬೇಡಿ. ಹೈದರಾಬಾದಿನ ಹಳೇ ನಾಣ್ಯಗಳಲ್ಲಿ ಸೀಳಿದ ವಜ್ರವೂ ಸಿಗುತ್ತದೆ, ಒಳಗೆ ಚುಕ್ಕೆ ಇರುವ ವಜ್ರವೂ ಸಿಗುತ್ತದೆ.

ಇಷ್ಟಕ್ಕೆ ಮುಗಿಯಲಿಲ್ಲ. ನಮ್ಮ ಟಂಕಸಾಲೆಗಳಿಂದ ಪೂರೈಸಲು ಆಗದ ಕಾಲದಲ್ಲಿ ಹೊರದೇಶದಲ್ಲಿ ಹೊಡೆಸಿದ್ದೂ ಉಂಟು. 1985ರ ಕೆಲವು ಒಂದು ರೂಪಾಯಿ ನಾಣ್ಯಗಳಲ್ಲಿ ಇಸವಿಯ ಕೆಳಗೆ 'ಎಚ್' ಅಕ್ಷರ ಇರುತ್ತದೆ. ಅದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಹೀಟನ್ ಟಂಕಸಾಲೆಯದು. 1999–2000ದ ಐದು ರೂಪಾಯಿಗಳಲ್ಲಿ ಮಾಸ್ಕೋದಲ್ಲಿ ಹೊಡೆದವೂ ಇವೆ. ಕಾರವಾರದ ಭಾನುವಾರದ ಸಂತೆಯಲ್ಲಿ ಬಸಳೆ ಕೊಂಡು ಉಳಿದ ಚಿಲ್ಲರೆಯಲ್ಲಿ ರಷ್ಯಾದಲ್ಲಿ ಹೊಡೆದ ಐದು ರೂಪಾಯಿ ಸಿಗಬಹುದು ಅಂದರೆ ಎಷ್ಟು ಮಜಾ ಅಲ್ವಾ. ನಿಮ್ಮ ಜೇಬಿನಿಂದ ಹೋಗುವುದು ಐದೇ ರೂಪಾಯಿ. ಬೇಸರ ಬಂದರೆ ಅದನ್ನೇ ಕೊಟ್ಟು ಬಾಳೆಹಣ್ಣು ತಿನ್ನಬಹುದು.

ಬಸ್ ಕಂಡಕ್ಟರ್, ಕಿರಾಣಿ ಅಂಗಡಿಯವರು, ಹುಂಡಿ ಎಣಿಸಲು ಕೂರುವವರು ಇವರ ಪರಿಚಯ ಇಟ್ಟುಕೊಳ್ಳಿ. ಹೆಚ್ಚಿಗೆ ದುಡ್ಡು ಕೊಡಬೇಕಿಲ್ಲ. ನೋಟು ಕೊಟ್ಟು ಚಿಲ್ಲರೆ ತಗೊಂಡರೆ ಅವರಿಗೂ ಉಪಕಾರ.

ನಮ್ಮ ಜಿಲ್ಲೆಗೆ ಅಂತ ಸಂಬಂಧಪಟ್ಟ ನಾಣ್ಯ ಏನಾದರೂ ಇದೆಯೇ? ಇದ್ದರೆ ಹುರುಪು ಇನ್ನೂ ಇರುತ್ತದೆ.

ಇದೆ, ಮತ್ತು ನೀವು ಹೇಳಿದ್ದು ಸರಿ. ಊರಿನ ಹೆಸರು ಬಂದ ಕೂಡಲೇ ಮನಸ್ಸು ನಿಲ್ಲುತ್ತದೆ.

ಎಲ್ಲಕ್ಕಿಂತ ಹಳೆಯದು ಚುಟು ಅರಸರ ಸೀಸದ ನಾಣ್ಯ. ಕದಂಬರಿಗಿಂತ ಮೊದಲು ಬನವಾಸಿಯಿಂದ ಆಳಿದವರು ಇವರು. ಚುಟುಕುಲಾನಂದ, ಮುಳಾನಂದ ಅನ್ನುವವರ ದೊಡ್ಡ ಸೀಸದ ನಾಣ್ಯಗಳು ಕಾರವಾರ ಕಡೆ ಸಿಕ್ಕಿವೆ. ಒಂದು ಬದಿಯಲ್ಲಿ ಕಮಾನುಗಳನ್ನು ಪೇರಿಸಿದಂಥ ಬೆಟ್ಟ, ಸುತ್ತ ಬ್ರಾಹ್ಮಿ ಅಕ್ಷರದಲ್ಲಿ ರಾಜನ ಹೆಸರು. ಇನ್ನೊಂದು ಬದಿಯಲ್ಲಿ ಕಟಕಟೆಯೊಳಗೆ ನಿಂತ ಮರ. ಸೀಸವಾದ್ದರಿಂದ ಬಣ್ಣ ಮಂಕು, ನೋಡಲು ಏನೂ ಚಂದ ಇಲ್ಲ. ಗುಜರಿಯವರು ಮೀನು ಬಲೆಯ ಗುಂಡು ಅಂದುಕೊಂಡರೂ ಆಶ್ಚರ್ಯವಿಲ್ಲ. ಆದರೆ ಹದಿನೆಂಟು–ಹತ್ತೊಂಬತ್ತು ನೂರು ವರ್ಷದ ಹಿಂದಿನ ಮಾತು. ಇದನ್ನು ಕೊಳ್ಳಿ ಅಂತ ನಾನು ಹೇಳುವುದಿಲ್ಲ. ನಕಲಿ ಜಾಸ್ತಿ, ಎಲ್ಲಿಂದ ಬಂತು ಅನ್ನುವುದೂ ಅನುಮಾನದ ವಿಷಯ. ಚಿತ್ರ ಇಟ್ಟುಕೊಂಡು ಓದಿ, ಬನವಾಸಿಗೆ ಹೋಗಿ ಮಧುಕೇಶ್ವರ ದೇವಸ್ಥಾನದ ನಾಗರಕಲ್ಲಿನ ಮೇಲೆ ಅದೇ ವಂಶದ ಶಾಸನ ನೋಡಿ. ಅದೂ ಸಂಗ್ರಹದ ಒಂದು ಭಾಗವೇ.

ಮುಂದೆ ಇಕ್ಕೇರಿ ವರಾಹ ಅನ್ನುವ ಚಿನ್ನದ ನಾಣ್ಯ. ಕೆಳದಿಯ ಸದಾಶಿವ ನಾಯಕನದು. ಒಂದು ಕಡೆ ಶಿವ–ಪಾರ್ವತಿ ಕೂತಿದ್ದಾರೆ, ಇನ್ನೊಂದು ಕಡೆ ನಾಗರಿಯಲ್ಲಿ 'ಶ್ರೀ ಸದಾಶಿವ'. ಹೊನ್ನಾವರ, ಭಟ್ಕಳ ಸೀಮೆ ಕೆಳದಿಯವರ ಕೈಯಲ್ಲಿದ್ದಾಗ ನಡೆದ ಚಿನ್ನ ಇದು. 1763ರಲ್ಲಿ ಹೈದರಾಲಿ ಬಿದನೂರು ಗೆದ್ದ. ಜನ ಒಪ್ಪಿದ ನಾಣ್ಯವನ್ನು ಯಾಕೆ ಕೆಡಿಸಬೇಕು ಅಂತ ಶಿವ–ಪಾರ್ವತಿಯರನ್ನು ಹಾಗೇ ಬಿಟ್ಟ, ಹಿಂಬದಿಗೆ ಮಾತ್ರ ತನ್ನ ಹೆಸರಿನ ಮೊದಲ ಅಕ್ಷರ ಹಾಕಿಸಿದ. ಮೆಣಸು, ಅಕ್ಕಿಯ ವ್ಯಾಪಾರ ನಿಲ್ಲಬಾರದು ಅನ್ನುವವನ ಲೆಕ್ಕ ಅದು.

ಕೈಗೆಟುಕುವುದು ಬೇಕೆಂದರೆ 1862ರ ರೂಪಾಯಿ. ರಾಣಿ ವಿಕ್ಟೋರಿಯಾಳ ಮುಖ, ಹಿಂದೆ ಹೂಬಳ್ಳಿಯ ನಡುವೆ ಇಸವಿ. ಈಸ್ಟ್ ಇಂಡಿಯಾ ಕಂಪನಿಯ ಹೆಸರು ಹೋಗಿ 'ಇಂಡಿಯಾ' ಅಂತ ಬಂದ ಮೊದಲ ರೂಪಾಯಿ. ಅದೇ 1862ರಲ್ಲಿ ಉತ್ತರ ಕನ್ನಡ ಮದ್ರಾಸಿನ ಕೈಯಿಂದ ಮುಂಬೈ ಪ್ರಾಂತಕ್ಕೆ ಹೋಯಿತು. ಇದರಲ್ಲಿ ಇನ್ನೊಂದು ತಮಾಷೆ ಇದೆ. 1874ರವರೆಗೆ ಹೊಡೆದ ರೂಪಾಯಿಗಳ ಮೇಲೂ 1862 ಅಂತಲೇ ಇದೆ. ಹಾಗಾದರೆ ನಿಮ್ಮ ಕೈಯಲ್ಲಿರುವುದು ಯಾವ ವರ್ಷದ್ದು? ಇಸವಿಯ ಮೇಲೆ ಕೆಳಗೆ ಸಣ್ಣ ಚುಕ್ಕೆಗಳಿರುತ್ತವೆ, ಅವುಗಳ ಲೆಕ್ಕದಿಂದ ಅಂದಾಜು ಮಾಡುತ್ತಾರೆ. ಭೂತಗನ್ನಡಿ ಹಿಡಿದು, ದೀಪವನ್ನು ಪಕ್ಕದಿಂದ ಬೀಳಿಸಿ, ನಾಣ್ಯವನ್ನು ಮೆಲ್ಲಗೆ ತಿರುಗಿಸಿದರೆ ಒಂದು ಚುಕ್ಕೆ ಮೊದಲು ನೆರಳಾಗಿ ಕಾಣುತ್ತದೆ, ಆಮೇಲೆ ಉಬ್ಬಾಗಿ. ಸವೆದಿದ್ದರೆ ಅದು ಚುಕ್ಕೆಯೋ ಗೀರೋ ಅನ್ನುವುದೇ ಒಂದು ಸಂಜೆಯ ಕೆಲಸ. ಒಂದೇ ಇಸವಿಯ ರೂಪಾಯಿಗಳನ್ನು ವರ್ಷಾನುಗಟ್ಟಲೆ ಕೂಡಿಸುವವರು ಇದ್ದಾರೆ, ಅವರಿಗೆ ಬೇಸರ ಬಂದದ್ದನ್ನು ನಾನು ಕಾಣೆ.

ಕಾರವಾರದವರಿಗೆ ಇನ್ನೊಂದು ದಾರಿ ಗೋವಾ. ಕಾಳಿ ಸೇತುವೆ ದಾಟಿ ಸದಾಶಿವಗಡ, ಮಾಜಾಳಿ, ಅದರಾಚೆ 1961ರ ಡಿಸೆಂಬರ್‌ವರೆಗೆ ಪೋರ್ಚುಗೀಸರ ಆಡಳಿತ. ನಮ್ಮ ಕಡಲಲ್ಲೇ ಕಾಣುವ ಅಂಜುದೀವ ದ್ವೀಪವೂ ಅವರದಾಗಿತ್ತು. ಅಲ್ಲಿ ಹದಿನಾರು ತಾಂಗಕ್ಕೆ ಒಂದು ರೂಪಿಯಾ. 1881, 1882ರ ರೂಪಿಯಾದ ಮೇಲೆ ದೊರೆ ಲೂಯಿಸ್‌ನ ತಲೆ, ಬೆಳ್ಳಿಯೂ ತೂಕವೂ ಬ್ರಿಟಿಷ್ ರೂಪಾಯಿಗೆ ಸಮ. 1958ರಲ್ಲಿ ಎಸ್ಕುಡೊ ಬಂತು, ಒಂದು ರೂಪಿಯಾಕ್ಕೆ ಆರು ಎಸ್ಕುಡೊ. ಆಚೆ ಹೆಣ್ಣು ಕೊಟ್ಟು ತಂದ ಮನೆಗಳ ಹಳೇ ಪೆಟ್ಟಿಗೆಗಳಲ್ಲಿ ಇವು ಬ್ರಿಟಿಷ್ ಕಾಸಿನ ಜತೆ ಬೆರೆತು ಕೂತಿರುತ್ತವೆ. ಯಾರು ತಂದರು, ಯಾವಾಗ ತಂದರು ಅಂತ ಮನೆಯ ಹಿರಿಯರನ್ನು ಈಗಲೇ ಕೇಳಿ ಬರೆದಿಡಿ.

ಭಟ್ಕಳದವರು ನಾವು. ಮನೆ ತುಂಬ ಗಲ್ಫ್ ಚಿಲ್ಲರೆ. ಅದನ್ನು ಕೂಡಿಸುವುದರಲ್ಲಿ ಅರ್ಥ ಇದೆಯೇ?

ಬೆಲೆ ಇಲ್ಲ, ಅರ್ಥ ಇದೆ. ಹೂಜಿಯ ಚಿತ್ರದ ಎಮಿರೇಟ್ಸ್ ದಿರ್ಹಮ್ ಎಲ್ಲರ ಹತ್ತಿರವೂ ಇರುತ್ತದೆ. 1960ರ ದಶಕದ ನಡುವಿನವರೆಗೆ ಕೊಲ್ಲಿಯ ಹಲವು ಊರುಗಳಲ್ಲಿ ನಮ್ಮ ರೂಪಾಯಿಯೇ ನಡೆಯುತ್ತಿತ್ತು. ಅಲ್ಲಿಗೆಂದೇ ರಿಸರ್ವ್ ಬ್ಯಾಂಕ್ 1959ರಲ್ಲಿ ಬೇರೆ ಬಣ್ಣದ ನೋಟು ಅಚ್ಚು ಹಾಕಿಸಿತ್ತು. ಅಂಥ ನೋಟು ಅಜ್ಜನ ಪಾಸ್‌ಪೋರ್ಟಿನ ನಡುವೆ ಸಿಕ್ಕರೆ ಮಾತ್ರ ಜೋಪಾನ, ಅದಕ್ಕೆ ಒಳ್ಳೇ ಬೆಲೆಯೂ ಇದೆ.

ಪ್ರತಿ ಮಳೆಗಾಲ ಬಂದಾಗ ನನ್ನ ಹುರುಪು ಹೋಗುತ್ತದೆ. ಆಲ್ಬಮ್ ತೆಗೆದರೆ ಎಲ್ಲ ಹಸಿರು.

ಘಟ್ಟದ ಮೇಲಿನವರಿಗೂ ಕೆಳಗಿನವರಿಗೂ ಇರುವ ಗೋಳು ಇದು. ನಮ್ಮ ಕಡೆ ನಾಣ್ಯದ ಹುಚ್ಚು ಬಿಟ್ಟವರಲ್ಲಿ ಬೇಸರದಿಂದ ಬಿಟ್ಟವರಿಗಿಂತ ಕಿಲುಬು ಕಂಡು ಬಿಟ್ಟವರೇ ಜಾಸ್ತಿ ಅಂತ ನನಗೆ ಅನುಮಾನ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಪ್ಪಳವೇ ಮೆತ್ತಗಾಗುವ ಊರಲ್ಲಿ ತಾಮ್ರ ಸುಮ್ನೆ ಕೂರುತ್ತದೆಯೇ? ಕಡಲ ತೀರದಲ್ಲಿ ಗಾಳಿಯಲ್ಲಿ ಉಪ್ಪೂ ಇರುತ್ತದೆ.

ಆದರೆ ಹಸಿರಿನಲ್ಲಿ ಎರಡು ಥರ. ಪುಡಿಪುಡಿಯಾದ, ಒಣಗಿದ ಹಸಿರು ತಾಮ್ರದ ಕಿಲುಬು. ಅಂಟಂಟಾದ, ಬೆರಳಿಗೆ ಜಾರುವ ಹಸಿರು ಆಲ್ಬಮ್ಮಿನ ಪ್ಲಾಸ್ಟಿಕ್ಕಿನದು. ಅಗ್ಗದ ಆಲ್ಬಮ್ಮಿನ ಮೆತ್ತನೆಯ ಹಾಳೆ ಪಿವಿಸಿ. ಸೆಕೆಗೆ, ತೇವಕ್ಕೆ ಅದು ಆಮ್ಲ ಬಿಡುತ್ತದೆ, ನಾಣ್ಯ ತಿನ್ನುತ್ತದೆ. ಹೊಸ ಕಾರಿನ ಸೀಟಿನಂಥ ವಾಸನೆ ಬಂದರೆ ಆ ಆಲ್ಬಮ್ ಬೇಡ. ಮೈಲಾರ್ ಅಥವಾ ಪಾಲಿಪ್ರೊಪಿಲೀನ್ ಅಂತ ಬರೆದಿರುವ ಹಾಳೆ, ಇಲ್ಲವೇ ರಟ್ಟಿನ ಚೌಕದ ಹೋಲ್ಡರ್ ತಗೊಳ್ಳಿ. ಈಗಾಗಲೇ ಅಂಟು ಹಿಡಿದಿದ್ದರೆ ಶುದ್ಧ ಅಸಿಟೋನ್‌ನಲ್ಲಿ ಅದ್ದಿ ತೆಗೆದರೆ ಹೋಗುತ್ತದೆ, ಲೋಹಕ್ಕೆ ಪೆಟ್ಟಿಲ್ಲ. ಉಗುರು ಬಣ್ಣ ತೆಗೆಯುವ ದ್ರವ ಆಗದು, ಅದರಲ್ಲಿ ಬೇರೆ ಏನೇನೋ ಇರುತ್ತದೆ. ಅಸಿಟೋನ್‌ಗೆ ಬೆಂಕಿ ಬೇಗ ಹಿಡಿಯುತ್ತದೆ. ಕಿಟಕಿ ತೆರೆದು, ಒಲೆಯಿಂದ ದೂರ ಕೂತು ಮಾಡಿ.

ಇಡುವ ಜಾಗಕ್ಕೆ ಗಾಳಿಯಾಡದ ಸ್ಟೀಲ್ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ. ಪೊಟ್ಟಣ ಒದ್ದೆಯಾದರೆ ಬದಲಿಸಿ. ಕಪಾಟಿನಲ್ಲಿ ನುಸಿಗುಳಿಗೆ ಇಡಬೇಡಿ. ರಬ್ಬರ್ ಬ್ಯಾಂಡ್ ಅಂತೂ ಬೇಡವೇ ಬೇಡ, ಅದರ ಗಂಧಕಕ್ಕೆ ಬೆಳ್ಳಿ ಕರ್ರಗಾಗುತ್ತದೆ. ನೋಡುವ ಆಸೆ ಎಷ್ಟೇ ಇದ್ದರೂ ಆಟಿ ತಿಂಗಳ ಜಡಿಮಳೆಯಲ್ಲಿ ಡಬ್ಬಿ ತೆಗೆಯದಿದ್ದರೆ ಒಳ್ಳೆಯದು. ಮಳೆಗಾಲದ ನಾಲ್ಕು ತಿಂಗಳು ಓದಲು, ಪಟ್ಟಿ ಮಾಡಲು ಇಟ್ಟುಕೊಳ್ಳಿ.

ಹುಣಸೆಹುಳಿ ಹಾಕಿ ತಿಕ್ಕಿದರೆ ಫಳಫಳ ಹೊಳೆಯುತ್ತದಲ್ಲ?

ಹೊಳೆಯುತ್ತದೆ, ಮತ್ತು ಬೆಲೆ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ. ಹುಣಸೆ, ಮುರುಗಲು, ಲಿಂಬು, ವಿಭೂತಿ, ಟೂತ್‌ಪೇಸ್ಟ್ ಎಲ್ಲ ದೇವರ ಪಾತ್ರೆಗೆ ಇರಲಿ. ನಾಣ್ಯದ ಹಳೇ ಬಣ್ಣವೇ ಅದರ ವಯಸ್ಸಿನ ಸಾಕ್ಷಿ.

ಮಗಳಿಗೆ ಒಂಬತ್ತು ವರ್ಷ. ಎರಡು ತಿಂಗಳು ನಾಣ್ಯ ನಾಣ್ಯ ಅಂತ ಕುಣಿದಳು, ಈಗ ಮುಟ್ಟುವುದಿಲ್ಲ. ಒತ್ತಾಯ ಮಾಡಲೇ?

ಬೇಡ. ಆಲ್ಬಮ್ಮನ್ನು ಕಣ್ಣಿಗೆ ಕಾಣುವ ಕಡೆ ಇಡಿ, ಅಷ್ಟು ಸಾಕು. ಮಕ್ಕಳಿಗೆ ಬೆಲೆಯ ಮಾತು ಹೇಳಿದರೆ ಬೇಗ ಬಿಡುತ್ತಾರೆ, ಕತೆ ಹೇಳಿದರೆ ತಡವಾಗಿ ಬಿಡುತ್ತಾರೆ. 1911ರ ಜಾರ್ಜ್ ರೂಪಾಯಿಯ ಕತೆ ಹೇಳಿ ನೋಡಿ. ದೊರೆಯ ನಿಲುವಂಗಿಯ ಮೇಲೆ ಒಂದು ಆನೆ ಬಿಡಿಸಿದ್ದರು. ಸೊಂಡಿಲು ಗಿಡ್ಡವಾಗಿ ಹಂದಿಯ ಹಾಗೆ ಕಂಡಿತು. ಜನ ಸಿಟ್ಟಾದರು, ಸರ್ಕಾರ ಹೊಡೆದ ನಾಣ್ಯಗಳಲ್ಲಿ ಹೆಚ್ಚಿನವನ್ನು ಕರಗಿಸಿತು, 1912ರಲ್ಲಿ ಆನೆ ತಿದ್ದಿಸಿತು. ಈ ಕತೆ ಕೇಳಿದ ಯಾವ ಮಗುವೂ ಭೂತಗನ್ನಡಿ ಕೇಳದೆ ಬಿಡುವುದಿಲ್ಲ. ಮತ್ತೆ ಎರಡು ತಿಂಗಳು ನಡೆಯುತ್ತದೆ. ಸಾಕಲ್ಲ.

ಇನ್ನೊಂದು ಉಪಾಯ: ತೂತಿನ ಕಾಸು ಕೊಡಿ. 1943ರಿಂದ 1947ರವರೆಗೆ ಬಂದ ನಡುವೆ ತೂತಿರುವ ತಾಮ್ರದ ಕಾಸು ಅದು. ಯುದ್ಧದ ಕಾಲದಲ್ಲಿ ತಾಮ್ರ ಉಳಿಸಲು ಮಾಡಿದ್ದು. ಮಕ್ಕಳು ಅದನ್ನು ದಾರಕ್ಕೆ ಪೋಣಿಸುತ್ತಾರೆ. ಪೋಣಿಸಲಿ, ದುಬಾರಿಯದೇನಲ್ಲ.

ಕಾಲೇಜಿಗೆ ಹೋದಾಗ ಬಿಟ್ಟೆ. ಈಗ ಮಕ್ಕಳೂ ದೊಡ್ಡವರಾದರು. ಮತ್ತೆ ಶುರು ಮಾಡಬಹುದೇ?

ಹೆಚ್ಚಿನವರ ಕತೆ ಇದೇ. ಕೆಲಸ, ಮದುವೆ, ಮನೆ ಕಟ್ಟುವುದು, ಇವುಗಳ ನಡುವೆ ನಾಣ್ಯ ಡಬ್ಬಿಯಲ್ಲೇ ಇರುತ್ತದೆ. ನಿವೃತ್ತಿ ಹತ್ತಿರ ಬಂದಾಗ ಡಬ್ಬಿ ಹೊರಗೆ ಬರುತ್ತದೆ. ಇದನ್ನು ಹುರುಪು ಸತ್ತಿತ್ತು ಅನ್ನಲಾಗದು. ನಡುವೆ ಏನೇನು ಬಂತು ಅಂತ ನೋಡಿಕೊಂಡರೆ ಸಾಕು. ನಾಲ್ಕಾಣೆ ಮತ್ತು ಅದಕ್ಕಿಂತ ಕೆಳಗಿನವು 2011ರ ಜೂನ್ ಕೊನೆಗೆ ಚಲಾವಣೆ ಕಳೆದುಕೊಂಡವು. ಎಂಟಾಣೆ ಕಾನೂನಿನಲ್ಲಿ ಇನ್ನೂ ಇದೆ, ಅಂಗಡಿಯಲ್ಲಿ ಇಲ್ಲ. 2011ರಿಂದ ರೂಪಾಯಿ ಚಿಹ್ನೆಯ ನಾಣ್ಯ. ಎರಡು ಬಣ್ಣದ ಹತ್ತು ರೂಪಾಯಿ, ಹನ್ನೆರಡು ಮೂಲೆಯ ಇಪ್ಪತ್ತು ರೂಪಾಯಿ. ಹತ್ತು ರೂಪಾಯಿ ನಾಣ್ಯ ನಡೆಯುವುದಿಲ್ಲ ಅಂತ ಯಾರೋ ಎಬ್ಬಿಸಿದ ಸುದ್ದಿಗೆ ರಿಸರ್ವ್ ಬ್ಯಾಂಕ್ 2018ರಲ್ಲಿ ಉತ್ತರ ಕೊಟ್ಟು, ಹದಿನಾಲ್ಕೂ ವಿನ್ಯಾಸ ಸರಿ ಅಂದಿತು. ಕೂಡಿಸುವವರಿಗೆ ಅದೇ ಪಟ್ಟಿಯಾಯಿತು. ಹದಿನಾಲ್ಕೂ ಹುಡುಕುತ್ತ ಮತ್ತೆ ಶುರು ಮಾಡಿದವರು ಇದ್ದಾರೆ.

ಊರಲ್ಲಿ ಈ ಹುಚ್ಚಿನವರು ಬೇರೆ ಯಾರೂ ಇಲ್ಲ. ಒಬ್ಬನೇ ಎಷ್ಟು ದಿನ?

ಒಬ್ಬನೇ ಬಹಳ ದಿನ ಕಷ್ಟ. ತೋರಿಸಲು ಒಬ್ಬರು ಬೇಕು, ಇದು ನಕಲಿ ಮಾರಾಯಾ ಅಂತ ಹೇಳಲು ಇನ್ನೊಬ್ಬರು ಬೇಕು. ಬಂಗಾರದ ಅಂಗಡಿಯ ಶೇಟರಿಂದ ಶುರು ಮಾಡಿ. ಕರಗಿಸಲು ಬರುವ ಬೆಳ್ಳಿ ರೂಪಾಯಿಗಳನ್ನು ಮೊದಲು ನೋಡುವವರು ಅವರೇ. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. ತೊಟ್ಟಿಲು ಹತ್ತಿ, ಮಿರ್ಚಿ ಭಜಿ ತಿಂದು, ಫುಟ್‌ಪಾತಿನಲ್ಲಿ ಹಳೇ ಸಾಮಾನು ಹರಡಿ ಕೂತವರು ಕಂಡರೆ ನಿಂತು ನೋಡಿ. ಕೊಳ್ಳುವ ಅವಸರ ಬೇಡ. ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕಿನ ಸ್ಥಾಪಕ ಹಾಜಿ ಅಬ್ದುಲ್ಲಾ ಅವರ ಮನೆಯಲ್ಲೇ ನಾಣ್ಯ ಸಂಗ್ರಹಾಲಯ ಮಾಡಿದ್ದಾರೆ. ಧರ್ಮಸ್ಥಳದ ಮಂಜೂಷಾದಲ್ಲೂ ನಾಣ್ಯಗಳಿವೆ. ಎರಡನ್ನೂ ಒಂದೇ ಪ್ರವಾಸದಲ್ಲಿ ನೋಡಬಹುದು, ಮನೆಯವರಿಗೂ ದೇವರ ದರ್ಶನ ಆದಂತಾಯಿತು, ಬೈಗುಳ ಕಡಿಮೆ.

ಹಳೇ ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡುತ್ತಾರೆ ಅಂತ ವಾಟ್ಸ್ಆ್ಯಪ್‌ನಲ್ಲಿ ಬರುತ್ತದೆ. ನಿಜವೇ?

ವೈಷ್ಣೋದೇವಿ ಚಿತ್ರದ ನಾಣ್ಯಕ್ಕೆ ಹತ್ತು ಲಕ್ಷ, ಟ್ರ್ಯಾಕ್ಟರಿನ ಐದು ರೂಪಾಯಿ ನೋಟಿಗೆ ಇಷ್ಟು, ಎಲ್ಲ ಸುಳ್ಳು. ವೈಷ್ಣೋದೇವಿ ನಾಣ್ಯ 2012ರದು, ರಾಶಿ ರಾಶಿ ಹೊಡೆದಿದ್ದಾರೆ. ಕೊಳ್ಳುತ್ತೇವೆ ಅಂತ ಹೇಳಿ ಮೊದಲು ತೆರಿಗೆ, ನೋಂದಣಿ ಅಂತ ನಿಮ್ಮಿಂದಲೇ ದುಡ್ಡು ಕೀಳುತ್ತಾರೆ. ತನ್ನ ಹೆಸರು ಹೇಳಿಕೊಂಡು ಹೀಗೆ ಶುಲ್ಕ ಕೇಳುವವರನ್ನು ನಂಬಬೇಡಿ ಅಂತ ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಸಿದೆ.

ರಾಮ–ಸೀತೆ, ಹನುಮಂತನ ಚಿತ್ರ ಇದ್ದು '1818 ಈಸ್ಟ್ ಇಂಡಿಯಾ ಕಂಪನಿ' ಅಂತ ಬರೆದಿರುವ ದಪ್ಪ ತಾಮ್ರದ ಬಿಲ್ಲೆ ನಮ್ಮ ಕಡೆ ಬಹಳ ಓಡಾಡುತ್ತದೆ. 1616ರದು ಅಂತಲೂ ತೋರಿಸುತ್ತಾರೆ. ಕಂಪನಿ ಅಂಥ ನಾಣ್ಯ ಹೊಡೆಸಿಯೇ ಇಲ್ಲ. ಅದಕ್ಕೆ ಅಕ್ಕಿ ಎಳೆಯುವ ಶಕ್ತಿ ಇದೆ ಅಂತ ಹೇಳುವವರು ಬಂದರೆ ಬಾಗಿಲು ಹಾಕಿಕೊಳ್ಳಿ. 'ರೈಸ್ ಪುಲ್ಲಿಂಗ್' ಹೆಸರಲ್ಲಿ ತೋಟ ಮಾರಿಕೊಂಡವರಿದ್ದಾರೆ. ಲಕ್ಷದ ಆಸೆಯಿಂದ ಶುರುವಾದ ಹುಚ್ಚು ಮೊದಲ ಸಲ ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಇಳಿಯುತ್ತದೆ.

ತಿಂಗಳಿಗೆ ಎಷ್ಟು ಖರ್ಚು ಮಾಡಬಹುದು?

ಮನೆಯಲ್ಲಿ ಸುಳ್ಳು ಹೇಳಬೇಕಾಗದಷ್ಟು.

ಅಡಿಕೆ ತೋಟದಲ್ಲಿ ಬಸಿಗಾಲುವೆ ತೋಡುವಾಗ ಮಡಕೆಯಲ್ಲಿ ನಾಣ್ಯ ಸಿಕ್ಕಿತು. ಸಂಗ್ರಹಕ್ಕೆ ಸೇರಿಸಬಹುದೇ?

ಸುಮ್ಮನೆ ಸೇರಿಸುವಂತಿಲ್ಲ. 1878ರ ನಿಧಿ ಕಾಯ್ದೆಯ ಪ್ರಕಾರ ನೆಲದಲ್ಲಿ ಸಿಕ್ಕ ನಿಧಿಯ ಬೆಲೆ ಹತ್ತು ರೂಪಾಯಿ ದಾಟಿದರೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ನಮ್ಮ ರಾಜ್ಯದ್ದೂ 1962ರ ಕಾಯ್ದೆ ಇದೆ. ತಹಶೀಲ್ದಾರರ ಕಚೇರಿಗೆ ಬರವಣಿಗೆಯಲ್ಲಿ ಕೊಟ್ಟು ಸಹಿ ಹಾಕಿಸಿದ ಪ್ರತಿ ಇಟ್ಟುಕೊಳ್ಳಿ. ಮಡಕೆ ಒಡೆದು ಹಂಚಿಕೊಂಡರೆ ಕೇಸು ಆಗುತ್ತದೆ, ಯಾವ ಆಳದಲ್ಲಿ ಯಾವುದರ ಜತೆ ಸಿಕ್ಕಿತು ಅನ್ನುವ ಮಾಹಿತಿಯೂ ಹೋಗುತ್ತದೆ. ನೂರು ವರ್ಷ ದಾಟಿದ ನಾಣ್ಯವನ್ನು ಹೊರದೇಶಕ್ಕೆ ಕಳಿಸುವಂತಿಲ್ಲ, ಇದೂ ನೆನಪಿರಲಿ. ದುಬೈಯಲ್ಲಿರುವ ಭಾವನಿಗೆ ಉಡುಗೊರೆಯಾಗಿ ಕೊಡುವುದೂ ಅದರಲ್ಲೇ ಬಂತು.

ನನ್ನ ಹುರುಪು ಪೂರ್ತಿ ಇಳಿದಿದೆ. ಮಾರಲೇ, ಇಡಲೇ?

ಮೊದಲು ಒಂದು ಮಳೆಗಾಲ ಕಾಯಿರಿ. ಬೆಳ್ಳಿ ಬೆಲೆ ಏರಿದೆ ಅಂತ ಅವಸರದಲ್ಲಿ ಕೊಟ್ಟವರೇ ಮುಂದೆ ಅದೇ ನಾಣ್ಯ ಹುಡುಕುತ್ತ ಬರುತ್ತಾರೆ. ಆಮೇಲೂ ಮನಸ್ಸಾಗದಿದ್ದರೆ ಕೊಡಿ, ಅದರಲ್ಲಿ ನಾಚಿಕೆಪಡುವಂಥದ್ದು ಏನಿದೆ? ನಿಮ್ಮಿಂದ ಹೋದದ್ದು ಇನ್ನೊಬ್ಬರ ಹುರುಪಿಗೆ ಆಗುತ್ತದೆ. ಸಂಗ್ರಹ ಅನ್ನುವುದು ನಡೆಯುವುದೇ ಹಾಗೆ.

ಮಾರುವ ಮೊದಲು ಬೆಳ್ಳಿಯ ಲೆಕ್ಕ ಗೊತ್ತಿರಲಿ. 1939ರವರೆಗಿನ ಬೆಳ್ಳಿ ರೂಪಾಯಿ 11.66 ಗ್ರಾಂ, ಅದರಲ್ಲಿ ಬೆಳ್ಳಿ ನೂರಕ್ಕೆ 91.7. 1940ರಿಂದ ಬೆಳ್ಳಿ ಅರ್ಧಕ್ಕೆ ಇಳಿಯಿತು. 1947ರ ಹುಲಿಯ ಚಿತ್ರದ ರೂಪಾಯಿಯಲ್ಲಿ ಬೆಳ್ಳಿಯೇ ಇಲ್ಲ, ಶುದ್ಧ ನಿಕಲ್. ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಅಯಸ್ಕಾಂತ ಹಿಡಿದರೆ ಟಕ್ ಅಂತ ಹಿಡಿದುಕೊಳ್ಳುತ್ತದೆ. ಬಲೀಂದ್ರನ ಕಲಶಕ್ಕೆ ಹಾಕುವ 'ಬೆಳ್ಳಿ ರೂಪಾಯಿ' ಅಂತ ತಲೆಮಾರಿನಿಂದ ಇಟ್ಟುಕೊಂಡದ್ದು ಈ ಹುಲಿಯೇ ಆಗಿರುವುದೂ ಉಂಟು. ಬಲೀಂದ್ರ ಬೇಸರ ಮಾಡಿಕೊಂಡ ಹಾಗೆ ಕಾಣುವುದಿಲ್ಲ.

ನಾನು ಹೋದ ಮೇಲೆ ಮನೆಯವರು ಏನು ಮಾಡುತ್ತಾರೋ ಅನ್ನುವ ಚಿಂತೆ.

ನೀವು ಕೂಡಿಸಿದ್ದು ಮುಂದಿನವರಿಗೆ ಒಂದು ಡಬ್ಬಿ ಲೋಹ ಆಗಬಾರದು ಅಂದರೆ ನೋಟ್‌ಬುಕ್ಕು ಬೇಕು. ಪ್ರತಿ ನಾಣ್ಯಕ್ಕೆ ಒಂದು ಸಾಲು ಸಾಕು: ಯಾವುದು, ಎಲ್ಲಿ ಸಿಕ್ಕಿತು, ಎಷ್ಟು ಕೊಟ್ಟಿರಿ. ಕನ್ನಡದಲ್ಲೇ ಬರೆಯಿರಿ, ಮನೆಯವರು ಓದುವುದು ಅದನ್ನೇ. ಯಾವುದನ್ನು ತೂಕಕ್ಕೆ ಕೊಡಬಾರದು ಅನ್ನುವುದನ್ನು ಮೊದಲ ಪುಟದಲ್ಲಿ ದೊಡ್ಡ ಅಕ್ಷರದಲ್ಲಿ ಹಾಕಿ. 1911ರ ರೂಪಾಯಿ, 1862ರ ಚುಕ್ಕೆಯ ರೂಪಾಯಿಗಳು, ಗೋವಾದವು. ಇವು ಶೇಟರ ತಕ್ಕಡಿಗೆ ಹೋಗುವ ಮೊದಲು ನಾಣ್ಯ ಬಲ್ಲ ಇಬ್ಬರು ಬೇರೆ ಬೇರೆಯಾಗಿ ನೋಡಿ ಬೆಲೆ ಹೇಳಲಿ, ಅವರ ಫೋನ್ ನಂಬರನ್ನೂ ಅದೇ ಪುಟದಲ್ಲಿ ಬರೆದಿಡಿ.